ಬುಧವಾರ ಬೆಳಗಿನ ನೀರಿನ ಮಟ್ಟ

ಬ್ಲೀಚಿಂಗ್ ಪೌಡರಿನ ವಾಸನೆ ಎಂದರೆ ಅವಳಿಗೆ ಅಪ್ಪ. ಪಂಪ್‌ಹೌಸಿನ ಕೆಲಸ ಮುಗಿಸಿ ಸಂಜೆ ಮನೆಗೆ ಬಂದ ಅಪ್ಪನ ಅಂಗಿಯ ತೋಳಿನಲ್ಲಿ, ಬೆರಳಿನ ಸಂದಿಯಲ್ಲಿ, ಅವನು ತಲೆ ಸವರಿದರೆ ಅವಳ ಜಡೆಯಲ್ಲೂ ಆ ವಾಸನೆ ಉಳಿಯುತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು, "ನಿಮ್ಮನೇಲಿ ಬಟ್ಟೆ ಒಗೆಯೋ ಬದ್ಲು ನಿನ್ನನ್ನೇ ಒಗೀತಾರಾ?" ಎಂದು ಕೇಳಿದ್ದಳು. ಅಳಬೇಕಾದವಳು ಅತ್ತಿರಲಿಲ್ಲ. ಊರಿಗೆಲ್ಲ ನೀರು ಕುಡಿಸುವವರ ಮನೆಯ ವಾಸನೆ ಇದು ಎಂಬ ಸಣ್ಣ ಜಂಬ ಒಳಗೆಲ್ಲೋ ಇತ್ತು.

ನಲವತ್ತೊಂದನೆಯ ವಯಸ್ಸಿನಲ್ಲಿ ವಿಶ್ವವಿದ್ಯಾಲಯದ ಜಲವಿಜ್ಞಾನ ಪ್ರಯೋಗಾಲಯದ ಭಾರದ ಬಾಗಿಲನ್ನು ಹೆಗಲಿನಿಂದ ತಳ್ಳಿ ಒಳಗೆ ಕಾಲಿಟ್ಟಾಗ ಮೂಗಿಗೆ ಬಡಿದದ್ದು ಅದೇ ವಾಸನೆ. ಯಾರೋ ಆಗಷ್ಟೇ ಉದ್ದನೆಯ ಗಾಜಿನ ತೊಟ್ಟಿಯನ್ನು ತೊಳೆದಿದ್ದರು. ಹಾಗಾಗಿ ತನ್ನ ಅರ್ಧ ವಯಸ್ಸಿನ ಹದಿನೆಂಟು ಮಂದಿ ಒಟ್ಟಿಗೆ ತಿರುಗಿ ನೋಡಿದರೂ ಅವಳು ಹಿಂದೆ ಸರಿಯಲಿಲ್ಲ.

"ಪೇರೆಂಟ್ಸ್ ಬಂದ್ರೆ ಮೇಲ್ಗಡೆ ಆಫೀಸಿಗೆ ಹೋಗ್ಬೇಕು ಆಂಟಿ," ಎಂದ ಒಬ್ಬ, ಬಹಳ ಮರ್ಯಾದೆಯಿಂದಲೇ.

"ನಾನೂ ಕ್ಲಾಸಿಗೇ ಬಂದಿದ್ದಪ್ಪ," ಎಂದಳು ಅವಳು. "ಸ್ವಲ್ಪ ಲೇಟಾಯ್ತು. ಇಪ್ಪತ್ತು ವರ್ಷ."

ಎಲ್ಲರೂ ನಕ್ಕರು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಗಂಟೆ ಮುಗಿಯುವುದರೊಳಗೆ ಅವಳು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವಳೆಂದು ಗೊತ್ತಾಗಿ, ಹೆಸರೂ ಬಿದ್ದಾಯಿತು. ಮೀಟರಕ್ಕ.

ಪಾಠ ಮಾಡುವ ಮೇಡಂ ಸಣಕಲು ದೇಹದ, ಅದಕ್ಕಿಂತ ಸಣ್ಣ ದನಿಯ ಹೆಂಗಸು. ಅವರ ಮಾತು ಕೇಳಬೇಕೆಂದರೆ ಹಿಂದಿನ ಬೆಂಚಿನವರು ಮುಂದಕ್ಕೆ ಬಾಗಬೇಕು. ಹಾಗೆ ಬಾಗಿ ಬಾಗಿಯೇ ತರಗತಿಯಲ್ಲಿ ಯಾರಿಗೂ ನಿದ್ದೆ ಬರುತ್ತಿರಲಿಲ್ಲ ಎಂದು ಕಾಣುತ್ತದೆ. ಮೊದಲ ದಿನ ಅವರು ಎರಡು ಪುಟದ ಒಂದು ಹಾಳೆ ಹಂಚಿದರು. ತಲೆಬರಹ, 'ಈ ಪ್ರಯೋಗಾಲಯ ನಿಮ್ಮಿಂದ ನಿರೀಕ್ಷಿಸುವುದು'. ಒಂದೊಂದೇ ಸಾಲನ್ನು ಓದಿ, ಓದಿದ ಮೇಲೆ ತಲೆಯೆತ್ತಿ ಎಲ್ಲರ ಮುಖ ನೋಡಿ, ಮುಂದಿನದಕ್ಕೆ ಹೋದರು. ಐದು ನಿಮಿಷ ತಡವಾದರೆ ಬಂದಿಲ್ಲವೆಂದೇ ಲೆಕ್ಕ. ಬೆರಳು ಕಾಣುವ ಚಪ್ಪಲಿ ಕೂಡದು, ಒಬ್ಬರೇ ನೀರಿಗೆ ಇಳಿಯಕೂಡದು. ಅಳತೆಯನ್ನು ಜೊತೆಗಾರರು ಹಂಚಿಕೊಳ್ಳಬಹುದು, ಆದರೆ ವರದಿಯ ಮಾತು ಅವರವರದೇ ಆಗಿರಬೇಕು. ಪುಸ್ತಕದಲ್ಲಿ ತಪ್ಪು ಬರೆದರೆ ಉಜ್ಜಿ ಅಳಿಸುವಂತಿಲ್ಲ. ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಚಿಕ್ಕ ಸಹಿ ಹಾಕಬೇಕು.

ಕೊನೆಯ ಸಾಲಿಗೆ ಬಂದಾಗ ಹಾಳೆಯನ್ನು ಮೇಜಿನ ಮೇಲಿಟ್ಟು ಬಾಯಲ್ಲೇ ಹೇಳಿದರು. "ಅಳೆಯದೇ ಇರೋದನ್ನ ಬರೀಬೇಡಿ. ಖಾಲಿ ಬಿಟ್ರೆ ಅಂಕ ಕಳೀತೀನಿ, ಅಷ್ಟೆ. ತಪ್ಪಿ ಓದಿದ್ರೂ ಅಷ್ಟೆ. ಆದ್ರೆ ಮನಸ್ಸಿಂದ ಕಟ್ಟಿ ಬರೆದ್ರೆ ಇಡೀ ಕೋರ್ಸೇ ಹೋಗುತ್ತೆ. ಬರೋಕಾಗಲ್ಲ ಅಂದ್ರೆ ಒಂದು ಫೋನ್ ಮಾಡಿ. ಕಾರಣ ಕೇಳೋಳಲ್ಲ ನಾನು."

ಹಾಳೆಯ ಕೆಳಗೆ ಎಲ್ಲರೂ ಸಹಿ ಹಾಕಬೇಕಿತ್ತು. ಹುಡುಗರು ಪೆನ್ನು ಹುಡುಕುತ್ತಿರುವಾಗ ಮೀಟರಕ್ಕನ ಸಹಿ ಬಿದ್ದಾಗಿತ್ತು.

ಅವಳಿಗೆ ಆ ಸಹಿ ಎಷ್ಟು ಮುಖ್ಯವಾಗಿತ್ತೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹದಿನಾರು ವರ್ಷ ಹೆಗಲಿಗೆ ಚೀಲ ಹಾಕಿಕೊಂಡು ಬೀದಿ ಬೀದಿ ತಿರುಗಿ, ಕಬ್ಬಿಣದ ಮುಚ್ಚಳ ಎತ್ತಿ, ಜೇಡರ ಬಲೆ ಸರಿಸಿ, ಮಂಜಾದ ಗಾಜನ್ನು ಬಟ್ಟೆಯಿಂದ ಒರೆಸಿ ಅಂಕಿ ಬರೆದುಕೊಂಡವಳು. ಈಗ ಕಚೇರಿ ಓದಲೆಂದು ಒಂದು ವರ್ಷದ ರಜೆ ಕೊಟ್ಟಿತ್ತು. ಈ ಕೋರ್ಸ್ ಪಾಸಾದರೆ ನೀರು ಪರೀಕ್ಷೆಯ ವಿಭಾಗದಲ್ಲಿ ಕುಳಿತು ಮಾಡುವ ಕೆಲಸ. ಅಲ್ಲಿಂದ ಆಸ್ಪತ್ರೆಗೆ ಐದು ನಿಮಿಷದ ನಡಿಗೆ. ಪಾಸಾಗದಿದ್ದರೆ ಮತ್ತೆ ಚೀಲ, ಮತ್ತೆ ಬೀದಿ. ಅದೂ ಊರಾಚೆಯ ಹೊಸ ಬಡಾವಣೆ, ಎರಡು ಬಸ್ ಬದಲಿಸಿ ಹೋಗಬೇಕು. ಕೋರ್ಸ್ ನಡೆಯುವುದು ವರ್ಷಕ್ಕೊಮ್ಮೆ. ಇನ್ನೊಂದು ವರ್ಷದ ರಜೆಯನ್ನು ಯಾರೂ ಕೊಡುವುದಿಲ್ಲ.

ಆಸ್ಪತ್ರೆ ಹತ್ತಿರವಿರಬೇಕಾದದ್ದು ಗಂಡನಿಗಾಗಿ. ಇಪ್ಪತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಎರಡು ವರ್ಷದ ಹಿಂದೆ ಅವನ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಸೋಮವಾರ, ಗುರುವಾರ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಮಲಗಬೇಕು. ದಿನಕ್ಕೆ ಎಂಟು ನೂರು ಮಿಲಿಲೀಟರ್ ನೀರಿನ ಮೇಲೆ ಒಂದು ಗುಟುಕೂ ಇಲ್ಲ, ಊಟಕ್ಕೆ ಉಪ್ಪೂ ಇಲ್ಲ. ಮೀಟರಕ್ಕ ಒಂದು ಬಾಟಲಿಗೆ ಉಗುರುಬಣ್ಣದಲ್ಲಿ ಹೊತ್ತಿಗೊಂದರಂತೆ ಗೆರೆ ಎಳೆದು, ಬೆಳಿಗ್ಗೆ ತುಂಬಿಸಿಟ್ಟು ಹೋಗುತ್ತಿದ್ದಳು. ಸಂಜೆ ಬಂದವಳು ಮೊದಲು ನೋಡುವುದು ಬಾಟಲಿ, ಆಮೇಲೆ ಗಂಡನ ಕಾಲು. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆಯೇ ಎಂದು.

"ಬಂದ್ರಪ್ಪ ಮೀಟರ್‌ನೋರು," ಎನ್ನುತ್ತಿದ್ದ ಅವನು, ಕಾಲು ಚಾಚಿಕೊಂಡೇ. "ನೋಡ್ಕೊಳ್ಳಿ ತಾಯಿ, ಎಲ್ಲೂ ಲೀಕ್ ಇಲ್ಲ. ಅದೇ ಕಷ್ಟ ಆಗಿರೋದು."

"ನಗಿಸ್ಬೇಡಿ ರೀ. ಸಂಜೆಗೇ ಕೆಳಗಿನ ಗೆರೆ ದಾಟಿದೀರ."

"ಸೆಕೆ ಕಣೇ. ನೀನೇನೋ ದಿನವಿಡೀ ನೀರಲ್ಲೇ ಆಡ್ತೀಯ. ನಂಗೆ ಕನಸಲ್ಲೂ ಬರೀ ನಲ್ಲಿ."

ಅಡುಗೆಮನೆಗೆ ಹೋಗಿ ಅವಳು ತನ್ನ ಪಾಲಿನ ನೀರನ್ನು ಅವನಿಗೆ ಕಾಣದಂತೆ ಕುಡಿಯುತ್ತಿದ್ದಳು. ಲೋಟ ಇಡುವ ಸದ್ದೂ ಕೇಳಬಾರದೆಂದು ಕೆಳಗೆ ಬಟ್ಟೆ ಹಾಸಿಟ್ಟಿದ್ದಳು.

ಪ್ರಯೋಗಾಲಯದಲ್ಲಿ ಹಾಜರಿ ಪಟ್ಟಿಯ ಪ್ರಕಾರ ಅವಳ ಜೊತೆಗೆ ಬಿದ್ದವಳು ಇಪ್ಪತ್ತರ ಒಬ್ಬ ಹುಡುಗಿ. ಎಲ್ಲಕ್ಕೂ ಮೂರು ನಿಮಿಷ ಮುಂಚೆ ಬಂದು ನಿಲ್ಲುತ್ತಿದ್ದ ಅವಳನ್ನು ತರಗತಿಯವರು 'ಗಡಿಯಾರ' ಎಂದು ಕರೆಯುತ್ತಿದ್ದರು. ನೂರಕ್ಕೆ ಎಪ್ಪತ್ತೈದು ಬರದಿದ್ದರೆ ಅವಳ ವಿದ್ಯಾರ್ಥಿವೇತನ ನಿಲ್ಲುತ್ತಿತ್ತು, ಹಾಗಾಗಿ ನಗುವುದರಲ್ಲೂ ಜಿಪುಣಿ. "ಅಮ್ಮನ ವಯಸ್ಸಿನ ಪಾರ್ಟ್‌ನರ್ ಸಿಕ್ಕಿದ್ದಾರೆ, ಬೈಯೋಕೂ ಆಗಲ್ಲ, ಓಡಿಸೋಕೂ ಆಗಲ್ಲ," ಎಂದು ಗೆಳತಿಗೆ ಹೇಳುತ್ತಿದ್ದದ್ದು ಮೀಟರಕ್ಕನ ಕಿವಿಗೆ ಬಿದ್ದಿತ್ತು.

"ಬೈಯಮ್ಮ, ಪರವಾಗಿಲ್ಲ," ಎಂದಿದ್ದಳು ಮೀಟರಕ್ಕ. "ನಾಯಿಗಳೇ ನನ್ನ ಬೈದಿವೆ, ಹದಿನಾರು ವರ್ಷ."

ಅಂದು ಗಡಿಯಾರ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಆ ಇಬ್ಬರಿಗೆ ಸಿಕ್ಕ ಕೆಲಸ ಹೀಗಿತ್ತು. ವಿಶ್ವವಿದ್ಯಾಲಯದ ಹಿಂದೆ ಒಂದು ಸಣ್ಣ ಹೊಳೆ, ಅದರ ಮೇಲೊಂದು ಕಾಲ್ಸೇತುವೆ. ಸೇತುವೆಯ ಕಂಬಕ್ಕೆ ಎತ್ತರದ ಸ್ಕೇಲಿನಂಥ ಬಿಳಿ ಹಲಗೆ ಹೊಡೆದಿದ್ದರು. ಹದಿನೈದು ದಿನ, ಬೆಳಿಗ್ಗೆ ಆರೂವರೆಗೊಮ್ಮೆ, ಸಂಜೆ ಆರೂವರೆಗೊಮ್ಮೆ, ಸೇತುವೆಯ ಮೇಲೆ ನಿಂತು ನೀರಿನ ಮಟ್ಟ ಓದಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಒಂದು ದಿನ ಒಬ್ಬಳು, ಮರುದಿನ ಇನ್ನೊಬ್ಬಳು. ಅದೇ ಕಂಬಕ್ಕೆ ತಗಡಿನ ಪೆಟ್ಟಿಗೆಯಲ್ಲಿ ಒಂದು ಯಂತ್ರವೂ ಇತ್ತು, ಮಟ್ಟವನ್ನು ಗಳಿಗೆಗೊಮ್ಮೆ ತಾನೇ ಬರೆದುಕೊಳ್ಳುವಂಥದು. ಹದಿನೈದು ದಿನದ ಮೇಲೆ ಅದನ್ನು ತೆರೆದು ಮನುಷ್ಯರ ಓದಿಗೂ ಯಂತ್ರದ ಓದಿಗೂ ತಾಳೆ ನೋಡಬೇಕು.

ಯಂತ್ರವನ್ನು ಕೂರಿಸಿದ್ದು ಪ್ರಯೋಗಾಲಯದ ಹಳೆಯ ಸಹಾಯಕ. ಎಲ್ಲರಿಗೂ ತಾತ. ನಿವೃತ್ತಿಗೆ ನಾಲ್ಕು ತಿಂಗಳಿತ್ತು, ಕೈ ಸ್ವಲ್ಪ ನಡುಗುತ್ತಿತ್ತು. ಹೊಳೆಯಿಂದ ಬಂದವರ ಗಂಬೂಟುಗಳನ್ನು ತೊಳೆದು ತಲೆಕೆಳಗಾಗಿ ನಿಲ್ಲಿಸುವುದು, ಅವುಗಳೊಳಗೆ ಹಳೆಯ ಪೇಪರ್ ತುರುಕಿ ಒಣಗಿಸುವುದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಬೆಳಿಗ್ಗೆ ಕಾಲಿಟ್ಟರೆ ಬೂಟು ಒಣಗಿಯೇ ಇರುತ್ತಿತ್ತು.

ಒಂಬತ್ತನೆಯ ದಿನ, ಬುಧವಾರ, ಮೀಟರಕ್ಕನ ಸರದಿ.

ಬೆಳಕು ಹರಿಯುವ ಮುಂಚೆ ಅವಳನ್ನು ಎಬ್ಬಿಸಿದ್ದು ಗಂಡನ ಉಸಿರು. ತೂತು ಬಿದ್ದ ಕುಲುಮೆಯ ತಿದಿಯ ಹಾಗೆ ಅದು ಸುಯ್ಯೆಂದು ಎಳೆಯುತ್ತಿತ್ತು. ರಾತ್ರಿ ಸೆಕೆ ತಾಳಲಾರದೆ ಬಚ್ಚಲಿನ ನಲ್ಲಿಗೇ ಬಾಯಿ ಕೊಟ್ಟು ಕುಡಿದಿದ್ದ. ಎಷ್ಟೆಂದು ಅವನಿಗೂ ಗೊತ್ತಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದಾಗ ಐದೂವರೆ. ಮೂಗಿಗೆ ಆಮ್ಲಜನಕದ ಮುಖವಾಡ ಹಾಕಿ, ಡಯಾಲಿಸಿಸ್ ಯಂತ್ರ ಖಾಲಿಯಾಗುವವರೆಗೆ ಕಾಯಿರಿ ಎಂದರು. ಗೋಡೆಯ ಮೇಲೆ ಆರು ಹೊಡೆಯಿತು, ಆರೂಕಾಲಾಯಿತು. ಫೋನು ಅವಳ ಕೈಯಲ್ಲೇ ಇತ್ತು. ಗಡಿಯಾರದ ಹಾಸ್ಟೆಲಿನಿಂದ ಸೇತುವೆಗೆ ಹತ್ತು ನಿಮಿಷ. ಮೇಡಂ ಅವರ ನಂಬರು ಕೂಡ ಇತ್ತು. ಒಂದು ಸಲ ಹೆಬ್ಬೆರಳು ಅದರ ಮೇಲೆ ಹೋಗಿ ನಿಂತಿತು.

ಮಾಡಲಿಲ್ಲ. ಕಾರಣ ಕೇಳುವುದಿಲ್ಲ ಎಂದಿದ್ದರು, ಆದರೆ ಹೇಳದೆ ಇರಲು ತನ್ನಿಂದ ಆಗುವುದಿಲ್ಲ, ಹೇಳಿದರೆ ಅಯ್ಯೋ ಎನ್ನುತ್ತಾರೆ. ಎರಡು ವರ್ಷದಿಂದ ಕಚೇರಿಯಲ್ಲಿ, ಬೀದಿಯಲ್ಲಿ, ನೆಂಟರ ಮನೆಯಲ್ಲಿ ಕೇಳಿ ಕೇಳಿ ಆ ಅಯ್ಯೋ ಎಂಬುದು ಅವಳ ಮೈಗೆ ಮುಳ್ಳಾಗಿತ್ತು. ಪ್ರಯೋಗಾಲಯವೊಂದೇ ಅವಳು ಬರೀ ಮೀಟರಕ್ಕನಾಗಿದ್ದ ಜಾಗ. ಆರೂವರೆ ಕಳೆಯಿತು.

ಸಂಜೆ ಗಂಡನ ಉಸಿರು ಹದಕ್ಕೆ ಬಂದ ಮೇಲೆ ನರ್ಸಿಗೆ ಹೇಳಿ ಓಡೋಡಿ ಸೇತುವೆಗೆ ಬಂದಳು. ಹಲಗೆ ನೋಡಿದಳು, 0.42 ಮೀಟರು. ಬರೆದಳು. ಹಿಂದಿನ ಸಂಜೆ ಗಡಿಯಾರ ಬರೆದದ್ದು 0.30. ಪುಸ್ತಕದಲ್ಲಿ ಇವೆರಡರ ನಡುವೆ ಬುಧವಾರ ಬೆಳಗಿನ ಚೌಕ ಖಾಲಿ.

ಮೀಟರ್ ಓದುವವರಲ್ಲಿ ಒಂದು ಪದ್ಧತಿಯುಂಟು. ಮನೆಗೆ ಬೀಗ ಹಾಕಿದ್ದರೆ, ನಾಯಿ ಬಿಟ್ಟಿದ್ದರೆ, ಖಾಲಿ ಬಿಡುವಂತಿಲ್ಲ. ಹಿಂದಿನ ಮೂರು ಸಲದ ಸರಾಸರಿ ತೆಗೆದು ಬರೆದು, ಪಕ್ಕದಲ್ಲಿ ಕೆಂಪು ಇಂಕಿನಲ್ಲಿ 'ಬಾ' ಎಂದು ಗುರುತು ಹಾಕಬೇಕು. ಬಾಗಿಲು ಹಾಕಿದೆ ಎಂದರ್ಥ. ಖಾಲಿ ಬಿಟ್ಟು ಬಂದವರಿಗೆ ಕಚೇರಿಯಲ್ಲಿ ಮಂಗಳಾರತಿ. ಹದಿನಾರು ವರ್ಷ ಹಾಗೆ ಬರೆದ ಕೈ ಅವಳದು. ಮೂವತ್ತು, ನಲವತ್ತೆರಡು, ನಡುವಿನದು ಮೂವತ್ತಾರು. ಪೆನ್ನು 0.36 ಎಂದು ಬರೆಯಿತು, ಪಕ್ಕದಲ್ಲಿ ಚಿಕ್ಕ ಸಹಿಯನ್ನೂ ಹಾಕಿತು.

ಕೈಯ ಅಭ್ಯಾಸ ಎಂದು ಅವಳು ಆಮೇಲೆ ತನಗೇ ಹೇಳಿಕೊಂಡಳು. ಆದರೆ ಕಣ್ಣೂ ಅಲ್ಲೇ ಇತ್ತಲ್ಲ. ದಡದ ಹುಲ್ಲೆಲ್ಲ ಯಾರೋ ಬಾಚಿದಂತೆ ಒಂದೇ ಕಡೆಗೆ ಮಲಗಿತ್ತು. ಸೇತುವೆಯ ಕೆಳಗಿನ ಕಂಬಿಗೆ, ಎದೆಯೆತ್ತರದಲ್ಲಿ, ಹಸಿ ಕಸ ಸಿಕ್ಕಿಕೊಂಡು ತೂಗುತ್ತಿತ್ತು. ಬೆಳಿಗ್ಗೆ ಹೊಳೆ ಎದ್ದು ಹೋಗಿದೆ ಎಂದು ಅವು ಹೇಳುತ್ತಿದ್ದವು. ಅವಳು ನೋಡಿದಳು. ನೋಡಿ ಪುಸ್ತಕ ಮುಚ್ಚಿದಳು.

ಹದಿನಾರನೆಯ ದಿನ ತರಗತಿಯಲ್ಲಿ ಯಂತ್ರ ತೆರೆದರು. ಪರದೆಯ ಮೇಲೆ ಅದರ ಗೆರೆ ಎಂಟು ದಿನ ಸೋಮಾರಿಯಾಗಿ ಮಲಗಿ, ಬುಧವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ಎದ್ದು ನಿಂತಿತ್ತು. ಆರೂವರೆಗೆ 1.38. ಅದರ ಕೆಳಗೆ, ಆಳದಲ್ಲಿ, ಮೀಟರಕ್ಕನ 0.36ರ ಚುಕ್ಕೆ ಒಂಟಿಯಾಗಿ ಕೂತಿತ್ತು.

ಮೇಡಂ ಪರದೆಯನ್ನೂ ಪುಸ್ತಕವನ್ನೂ ಬಹಳ ಹೊತ್ತು ನೋಡಿದರು. "ಊರಲ್ಲಿ ಅವತ್ತು ಒಂದು ಹನಿ ಬಿದ್ದಿಲ್ಲ. ಮೇಲಿನ ಗುಡ್ಡದ ಮಳೆಮಾಪಕ ಕೆಟ್ಟು ಎರಡು ತಿಂಗಳಾಯ್ತು, ಅಲ್ಲಿ ಏನಾಯ್ತೋ ಗೊತ್ತಿಲ್ಲ," ಎಂದರು. "ಓದಿರೋರು ಹದಿನಾರು ವರ್ಷ ಮೀಟರ್ ಓದಿದವರು. ನಾನು ಇವರ ಕಣ್ಣನ್ನೇ ನಂಬ್ತೀನಿ. ತಾತ, ಯಂತ್ರದ್ದೇ ಏನೋ ತೊಂದರೆ ಇರ್ಬೇಕು, ಒಂದ್ಸಲ ನೋಡ್ತೀರಾ?"

ತಾತ ತಲೆಯಾಡಿಸಿದರು.

ಎರಡು ದಿನ ಅವರು ಅದನ್ನೇ ಹಿಡಿದು ಕೂತರು. ಮೂಲೆಯ ಮೇಜಿನ ಮೇಲೆ ಯಂತ್ರವನ್ನು ಬಿಚ್ಚಿ ಹರವಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಭಾಗದ ಕೆಸರು ತೆಗೆದರು. ಬಕೆಟ್ಟಿಗೆ ನೀರು ತುಂಬಿ, ಮರದ ಸ್ಕೇಲಿಟ್ಟು, ಇಳಿಸಿದರು, ಎತ್ತಿದರು, ಬರೆದುಕೊಂಡರು. ಎರಡನೆಯ ದಿನ ಮೀಟರಕ್ಕ ಬೂಟು ಹಿಂದಿರುಗಿಸಲು ಹೋದಾಗ ಅವರು ಬಕೆಟ್ಟಿನೊಡನೆ ಮಾತಾಡುತ್ತಿದ್ದರು.

"ಇಲ್ಲಿ ಸರಿಯಾಗೇ ಹೇಳುತ್ತೆ ನೋಡಮ್ಮ. ಹತ್ತು ಅಂದ್ರೆ ಹತ್ತು, ಇಪ್ಪತ್ತು ಅಂದ್ರೆ ಇಪ್ಪತ್ತು. ಹೊಳೇಲಿ ಯಾಕೆ ಹಂಗೆ ಹೇಳ್ತೋ." ಕೈ ಒರೆಸಿಕೊಂಡರು. "ಯಂತ್ರದ್ದಲ್ಲ. ಕೂರಿಸೋವಾಗ ನನ್ನ ಕೈಯೇ ನಡುಗಿರ್ಬೇಕು. ಸ್ಕ್ರೂ ಸಡಿಲ ಬಿಟ್ಟಿರ್ತೀನಿ."

"ಹಂಗೆಲ್ಲ ಆಗಿರಲ್ಲ ತಾತ."

"ಆಗುತ್ತಮ್ಮ. ವಯಸ್ಸು ಕೇಳುತ್ತಾ?" ಅವರು ದಪ್ಪ ರಿಜಿಸ್ಟರಿನಲ್ಲಿ ನಡುಗುವ ಅಕ್ಷರಗಳಲ್ಲಿ ಏನೋ ಬರೆಯುತ್ತಿದ್ದರು. "ಅಳವಡಿಕೆಯಲ್ಲಿ ನನ್ನ ದೋಷ ಅಂತ ಬರೆದು ಮೇಡಂಗೆ ಕೊಡ್ತೀನಿ. ಇನ್ನು ಹೊಳೆ ಕೆಲಸ ಬೇರೆಯವರ ಕೈಲಿ ಮಾಡಿಸ್ಲಿ. ಮೂವತ್ತಾರು ವರ್ಷದಲ್ಲಿ ಮೊದಲ್ನೇದು. ಕೊನೇದೂ ಇದೇ ಅನ್ನು."

ನಗಲೆಂದೇ ಹೇಳಿದರು. ಮೀಟರಕ್ಕ ನಗಲಿಲ್ಲ. ಬೂಟು ಅಲ್ಲೇ ಇಟ್ಟು ಹೊರಗೆ ಬಂದಳು.

ಹೊರಗೆ ಮೆಟ್ಟಿಲ ಬಳಿ ಗಡಿಯಾರ ಕಾಯುತ್ತಿದ್ದಳು. ಸುತ್ತುಮುತ್ತು ನೋಡಿ ದನಿ ತಗ್ಗಿಸಿದಳು. "ಅಕ್ಕಾ, ನಿಜ ಹೇಳಿ. ಬುಧವಾರ ಬೆಳಿಗ್ಗೆ ನೀವು ಹೋಗಿದ್ರಾ?"

ಮೀಟರಕ್ಕ ನೆಲ ನೋಡಿದಳು.

"ಅಂದ್ಕೊಂಡೆ. ಗುರುವಾರ ಬೆಳಿಗ್ಗೆ ನಾನು ಹೋದಾಗ್ಲೇ ಆ ಹುಲ್ಲು ನೋಡಿ ಅನುಮಾನ ಬಂದಿತ್ತು." ಹುಡುಗಿಯ ಮುಖ ಬಿಳಿಚಿತ್ತು. "ಕೇಳಿಲ್ಲಿ. ತಪ್ಪಿ ಓದಿದೆ ಅನ್ನಿ. ನೀವು ಬರೆದದ್ದು ಸೊನ್ನೆ ಪಾಯಿಂಟ್ ಮೂವತ್ತಾರು, ಯಂತ್ರ ಒಂದು ಪಾಯಿಂಟ್ ಮೂವತ್ತೆಂಟು. ಕೆಸರು ನೀರಲ್ಲಿ ಮೊದಲನೇ ಅಂಕಿ ಕಾಣ್ಲಿಲ್ಲ ಅಂದ್ರೆ ಮುಗೀತು. ದೇವರೇ ಜೋಡಿಸಿಕೊಟ್ಟಂಗಿದೆ. ಎರಡು ಅಂಕ ಹೋಗುತ್ತೆ, ನಿಮ್ಮ ಕೋರ್ಸ್ ಉಳಿಯುತ್ತೆ, ನನ್ನ ವರದಿನೂ ಉಳಿಯುತ್ತೆ. ತಾತನೂ ಬಚಾವ್."

ನಿಜವೇ. ಅಷ್ಟು ಸಲೀಸಾದ ಸುಳ್ಳು ಯಾರಿಗೂ ಸಿಗಲಿಕ್ಕಿಲ್ಲ. ಮೀಟರಕ್ಕ ತಲೆಯಾಡಿಸಿದಳು. ಸರಿ ಎಂದೂ ಅಂದಳು. ಹಾಗೆ ಹೇಳುವುದೆಂದೇ ಮೇಡಂ ಕೋಣೆಗೆ ನಡೆದಳು.

ಒಳಗೆ ತಾತ ಆಗಲೇ ರಿಜಿಸ್ಟರು ಹಿಡಿದು ನಿಂತಿದ್ದರು. ಕುರ್ಚಿ ತೋರಿಸಿದರೂ ಕುಳಿತಿರಲಿಲ್ಲ. ಮೇಡಂ ಇನ್ನೂ ಓದಿರಲಿಲ್ಲ.

"ಬನ್ನಿ," ಎಂದರು ಮೇಡಂ. "ನಿಮ್ಮನ್ನೇ ಕರೆಸೋಣ ಅಂತಿದ್ದೆ. ಬಕೆಟ್ಟಲ್ಲಿ ಯಂತ್ರ ಸರಿಯಾಗಿದೆಯಂತೆ. ಅದಕ್ಕೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊದಲನೇ ಅಂಕಿ ತಪ್ಪಿ ಓದಿರಬಹುದಾ?"

ತಪ್ಪಿಸಿಕೊಳ್ಳಲು ಮೇಡಂ ತಾವೇ ಬಾಗಿಲು ತೆರೆದಿಟ್ಟಿದ್ದರು. ಹೌದು ಎಂಬ ಎರಡಕ್ಷರ ಸಾಕಿತ್ತು. ಹೌದೆಂದರೆ ತಾತ ರಿಜಿಸ್ಟರು ಹಿಡಿದುಕೊಂಡು ವಾಪಸು ಹೋಗುತ್ತಾರೆ, ನಗುತ್ತಲೇ ಹೋಗುತ್ತಾರೆ. ಸೋಮವಾರ, ಗುರುವಾರ ಆಸ್ಪತ್ರೆ ಐದು ನಿಮಿಷದ ದಾರಿಯಾಗುತ್ತದೆ. ಯಾರಿಗೂ ಏನೂ ನಷ್ಟವಿಲ್ಲ. ಆದರೆ ತಾತ ಅಷ್ಟರಲ್ಲೇ ಮೇಡಂ ಕಡೆ ಬಾಗಿ, "ಅವರನ್ನ ಕೇಳ್ಬೇಡಿ ಮೇಡಂ. ಅವರು ಅಂಥಾ ತಪ್ಪು ಮಾಡೋರಲ್ಲ. ನಾನೇ ಬರ್ಕೊಂಡು ಬಂದಿದೀನಿ," ಎಂದುಬಿಟ್ಟರು.

ಆ ನಂಬಿಕೆಯನ್ನು ಹೊರಲು ಅವಳಿಂದ ಆಗಲಿಲ್ಲ.

"ನಾನು ಓದೇ ಇಲ್ಲ ಮೇಡಂ," ಎಂದಳು. "ಅವತ್ತು ಬೆಳಿಗ್ಗೆ ನಾನು ಹೊಳೆ ಹತ್ರ ಬಂದೇ ಇಲ್ಲ. ಸಂಜೆ ಬಂದು, ಹಿಂದಿನ ಸಂಜೇದೂ ಅವತ್ತಿನದೂ ಕೂಡಿಸಿ ಎರಡರಿಂದ ಭಾಗಿಸಿ ಬರೆದೆ. ಯಂತ್ರ ಹೇಳ್ತಿರೋದೇ ಸರಿ. ತಾತನ ಕೈ ನಡುಗಿಲ್ಲ."

ಮೇಡಂ ಇನ್ನೂ ಸಣ್ಣ ದನಿಯಲ್ಲಿ ಕೇಳಿದರು. "ಮೀಟರ್ ಕೆಲಸದಲ್ಲಿ ಬಾಗಿಲು ಹಾಕಿದ್ರೆ ಸರಾಸರಿ ಬರೆಯೋ ಪದ್ಧತಿ ಇದೆ ಅಂತ ಕೇಳಿದೀನಿ. ಆ ಅಭ್ಯಾಸದಲ್ಲಿ, ತಿಳೀದೆ..."

"ಅಲ್ಲಿ ಪಕ್ಕದಲ್ಲಿ ಕೆಂಪು ಗುರುತು ಹಾಕ್ತೀವಿ ಮೇಡಂ. ಇದು ನೋಡಿದ್ದಲ್ಲ ಅಂತ ಎಲ್ರಿಗೂ ಗೊತ್ತಾಗ್ಲಿ ಅಂತ. ಇಲ್ಲಿ ನಾನು ಹಾಕ್ಲಿಲ್ಲ. ಸಹಿ ಹಾಕ್ದೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಗಂಡನ ಸೋಮವಾರ, ಗುರುವಾರದ ಡಯಾಲಿಸಿಸ್, ಆ ಬೆಳಗಿನ ಉಸಿರು, ಎಲ್ಲವನ್ನೂ ಅವಳೇ ಹೇಳಿದಳು, ನಾಲ್ಕು ಮಾತಿನಲ್ಲಿ.

"ಯಜಮಾನ್ರು ಈಗ ಹೇಗಿದ್ದಾರೆ?"

"ಪರವಾಗಿಲ್ಲ ಮೇಡಂ."

"ಒಂದು ಫೋನ್ ಸಾಕಿತ್ತಮ್ಮ." ಮೇಡಂ ಕಿಟಕಿಯ ಕಡೆ ನೋಡಿದರು. "ನನ್ನ ಮನೆ ಆ ಸೇತುವೆ ಹಿಂದೇನೇ ಇರೋದು. ನಾನೇ ಹೋಗಿ ಓದಿಟ್ಟಿರ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಕೋರ್ಸ್ ಹೋಗುತ್ತೆ. ನಿಮಗೊಬ್ಬರಿಗೆ ಬೇರೆ ನಿಯಮ ಮಾಡೋಕೆ ನನ್ನಿಂದ ಆಗಲ್ಲ."

"ಗೊತ್ತು ಮೇಡಂ. ಹಾಳೇಲಿ ಮೊದಲು ಸಹಿ ಹಾಕಿದೋಳು ನಾನೇ. ಆ ಹುಡುಗಿಗೆ ಮಾತ್ರ..."

"ಅವಳು ಬುಧವಾರದ ಅಳತೆ ಬಿಟ್ಟು ವರದಿ ಹೊಸದಾಗಿ ಬರೀಲಿ. ಅಂಕ ಸ್ವಲ್ಪ ಹೋಗುತ್ತೆ."

ಪುಸ್ತಕವನ್ನು ಅವಳ ಮುಂದೆ ತಳ್ಳಿದರು. ಮೀಟರಕ್ಕ 0.36ರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ಅಳೆದಿಲ್ಲ' ಎಂದು ಬರೆದು ಸಹಿ ಮಾಡಿದಳು. ತಲೆಯೆತ್ತಿದಾಗ ತಾತ ತಮ್ಮ ರಿಜಿಸ್ಟರಿನ ಹಾಳೆಯನ್ನು ಸದ್ದಾಗದಂತೆ ಹರಿದು, ಮಡಿಸಿ, ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ಹೊರಗೆ ಹೋಗುವಾಗ ಬಾಗಿಲನ್ನು ಮಾತ್ರ ಅವಳಿಗಾಗಿ ಹಿಡಿದು ನಿಂತರು.

ಸುದ್ದಿ ಕೇಳಿ ಗಡಿಯಾರ ಕೂಗಾಡಲಿಲ್ಲ. ಅದೇ ಕಷ್ಟವಾಗಿದ್ದು. "ನಿಜ ಹೇಳಿ ನೀವು ಹಗುರ ಆದ್ರಿ," ಎಂದಳು. "ನಂಗೆ ಭಾರ ಆಯ್ತು. ಎಲ್ಲಾ ಮೊದಲಿಂದ ಮಾಡ್ಬೇಕು. ಎಪ್ಪತ್ತೈದಕ್ಕೆ ಒಂದು ಕಡಿಮೆ ಬಂದ್ರೂ ನಾನು ಊರಿಗೆ ಗಂಟು ಕಟ್ಟೋದೇ. ಅವತ್ತು ಬೆಳಿಗ್ಗೆ ನಂಗೊಂದು ಫೋನ್ ಮಾಡಿದ್ರೆ ಓಡ್ಕೊಂಡು ಹೋಗಿ ಓದ್ತಿರ್ಲಿಲ್ವಾ? ನನ್ನ ಏನಂದ್ಕೊಂಡಿದ್ರಿ?"

ಮೀಟರಕ್ಕ ಕ್ಷಮಿಸು ಎನ್ನುವಷ್ಟರಲ್ಲಿ ಹುಡುಗಿ ಮೆಟ್ಟಿಲಿಳಿದು ಹೋಗಿದ್ದಳು.

ಮನೆಯಲ್ಲಿ ಗಂಡನಿಗೆ ಹೇಳಲು ಎರಡು ದಿನ ಹಿಡಿಯಿತು. ಹೇಳಿದ ಮೇಲೆ ಅವನು ತಮಾಷೆ ಮಾಡುತ್ತಾನೆಂದು ಕಾದಳು. ಮಾಡಲಿಲ್ಲ.

"ಬಚ್ಚಲಲ್ಲಿ ನಿಂತು ನಾನು ಕುಡಿದದ್ದು ನಿನ್ನ ಒಂದು ವರ್ಷ," ಎಂದ.

"ಹಾಗನ್ಬೇಡಿ ರೀ. ಬರೆದೋಳು ನಾನು. ನೀವು ಬರೆಸಿಲ್ಲ."

ಅವನು ಗೋಡೆಯ ಕಡೆ ಹೊರಳಿದ. ಆ ದಿನ ರಾತ್ರಿ ಬಾಟಲಿಯಲ್ಲಿ ನೀರು ಮಧ್ಯಾಹ್ನದ ಗೆರೆಯಲ್ಲೇ ನಿಂತಿತ್ತು. ಕುಡಿಯಿರಿ ಎಂದು ಅವಳು ಮಗುವಿಗೆ ಹೇಳುವಂತೆ ಹೇಳಬೇಕಾಯಿತು. ನೀರು ಕುಡಿಯಬೇಡಿ ಎಂದು ಎರಡು ವರ್ಷ ಹೇಳಿದ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅವನು ಎರಡು ಗುಟುಕು ಕುಡಿದು ಲೋಟ ಹಿಂದೆ ಕೊಟ್ಟ.

ಕಚೇರಿಯಿಂದ ಕಾಗದ ಬಂತು. ಮುಂದಿನ ಸೋಮವಾರದಿಂದ ಕೆಲಸಕ್ಕೆ ಹಾಜರಾಗತಕ್ಕದ್ದು, ಹೊಸ ಬಡಾವಣೆ. ಸೋಮವಾರ, ಗುರುವಾರ ಆಸ್ಪತ್ರೆಗೆ ತಾನೊಬ್ಬನೇ ಹೋಗುತ್ತೇನೆಂದ ಗಂಡ. "ಬಸ್ಸಲ್ಲೇ ಆಯಸ್ಸು ಕಳೆದೋನು ನಾನು. ಬಸ್ ಹತ್ತೋಕೆ ನಿನ್ನ ಕೈ ಹಿಡ್ಕೋಬೇಕಾ?" ಎಂದ. ಹತ್ತುವಾಗ ಅವನಿಗೆ ಹಿಡಿಯಲು ಎರಡು ಕೈಯೂ ಬೇಕಾಗುತ್ತಿತ್ತೆಂದು, ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತು ಸುಧಾರಿಸಿಕೊಳ್ಳುತ್ತಿದ್ದನೆಂದು ಅವಳಿಗೆ ಗೊತ್ತಿತ್ತು.

ಅವಳು ಜೊತೆಗೆ ಹೋದ ಕೊನೆಯ ಗುರುವಾರ, ಅವನನ್ನು ಯಂತ್ರಕ್ಕೆ ಒಪ್ಪಿಸಿ, ನಾಲ್ಕನೆಯ ಮಹಡಿಯ ಓಣಿಯಂಥ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಳು. ಮರಳಿ ಕೆಲಸಕ್ಕೆ ಸೇರುವ ಅರ್ಜಿ ತೊಡೆಯ ಮೇಲಿತ್ತು. 'ರಜೆಯ ಉದ್ದೇಶ ಈಡೇರಿದೆಯೇ' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಎದುರಿನ ಗೋಡೆಯ ಬಣ್ಣ ಎದ್ದಿತ್ತು. ಮುದುಕರೊಬ್ಬರು ನಿದ್ದೆಯಲ್ಲಿ ತಲೆ ತೂಗುತ್ತಿದ್ದರು. ಅವರ ಬದಿಯಲ್ಲಿದ್ದ ಯಾರೋ ಅಪರಿಚಿತ ಹೆಂಗಸು ತನ್ನ ಹೆಗಲನ್ನು ಸ್ವಲ್ಪ ಸರಿಸಿ ಆ ತಲೆಗೆ ಆಸರೆ ಕೊಟ್ಟು, ಏನೂ ಆಗದವಳಂತೆ ಫೋನು ನೋಡುತ್ತಿದ್ದಳು. ಮೀಟರಕ್ಕ ಅದನ್ನೇ ನೋಡುತ್ತ ಕುಳಿತಳು. ಆಮೇಲೆ ಅರ್ಜಿಯಲ್ಲಿ 'ಇಲ್ಲ' ಎಂದು ಬರೆದಳು.

ಮಧ್ಯಾಹ್ನದ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆದು ಗಡಿಯಾರ ಬಂದಳು. ಅತ್ತಿತ್ತ ಹುಡುಕಿ, ಕಂಡು, ಹತ್ತಿರ ಬಂದು ನಿಂತಳು. ಬೆವರಿದ್ದಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು.

"ತಾತ ಹೇಳಿದ್ರು, ಇಲ್ಲಿರ್ತೀರ ಅಂತ."

"ಕೂತ್ಕೋ ಬಾಮ್ಮ."

ಹುಡುಗಿ ಒಂದು ಕುರ್ಚಿ ಬಿಟ್ಟು ಕುಳಿತಳು. "ವರದಿ ಕೊಟ್ಟೆ. ಬುಧವಾರ ಬೆಳಿಗ್ಗೆ ಖಾಲಿ ಬಿಟ್ಟು ಎರಡೂ ಕಡೆ ಗೆರೆ ನಿಲ್ಲಿಸಿದೀನಿ. ನೋಡೋಕೆ ಹಲ್ಲುದುರಿದ ಬಾಯಿ ಇದ್ದಂಗಿದೆ."

"ಅಂಕ?"

"ಇನ್ನೂ ಗೊತ್ತಿಲ್ಲ. ಎಪ್ಪತ್ನಾಲ್ಕೋ ಎಪ್ಪತ್ತಾರೋ. ಭಯ ಆಗ್ತಿದೆ."

ಸಮಾಧಾನ ಹೇಳುವ ಹಕ್ಕು ತನಗಿಲ್ಲವೆಂದು ಮೀಟರಕ್ಕನಿಗೆ ಗೊತ್ತಿತ್ತು. ಗಾಜಿನ ಬಾಗಿಲಿನಾಚೆ ಯಂತ್ರಗಳು ತಿರುಗುವ ಸಣ್ಣ ಗುಂಯ್ ಸದ್ದು. ಕೊಳವೆಯಲ್ಲಿ ಕೆಂಪಗೆ ಹೋಗಿ ಬರುತ್ತಿದ್ದುದನ್ನು ಹುಡುಗಿ ಸ್ವಲ್ಪ ಹೊತ್ತು ನೋಡಿ, ತಟ್ಟನೆ ಮುಖ ತಿರುಗಿಸಿದಳು.

ಎದ್ದು ನಿಂತು ಚೀಲದ ಜಿಪ್ಪು ಎಳೆದಳು. ಒಳಗಿಂದ ಎರಡು ಸ್ಟೀಲ್ ಡಬ್ಬಿ ತೆಗೆದಳು, ಇನ್ನೂ ಬೆಚ್ಚಗಿದ್ದವು. ಒಂದರ ಮುಚ್ಚಳಕ್ಕೆ ಚಿಕ್ಕ ಕಾಗದ ಅಂಟಿಸಿ, ಗುಂಡಗಿನ ಅಕ್ಷರದಲ್ಲಿ 'ಉಪ್ಪು ಹಾಕಿಲ್ಲ' ಎಂದು ಬರೆದಿತ್ತು. ಮೀಟರಕ್ಕನ ತೊಡೆಯ ಮೇಲಿದ್ದ ಅರ್ಜಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಎರಡೂ ಡಬ್ಬಿಗಳನ್ನು ಅವಳ ಕೈಗಿಟ್ಟಳು.